ಬಾಗಿಲ ಕಡೆಯ ಭುಜ

ಅವಳಿಗೆ ಕಾಜಕ್ಕ ಎಂದು ಹೆಸರು ಬಿದ್ದಿತ್ತು. ಅಂಗಿಯಲ್ಲಿ ಗುಂಡಿ ತೂರಿಸುವ ತೂತಿಗೆ ಕಾಜ ಎನ್ನುತ್ತಾರೆ. ಅದರ ಅಂಚು ಬಿಚ್ಚಿಕೊಳ್ಳದಂತೆ ಸುತ್ತಲೂ ದಾರ ಬಿಗಿಯುವುದು ಅವಳ ಕಸುಬು. ಮದುವೆಯಾದ ಹೊಸತರಲ್ಲಿ ಗಂಡ ಅವಳ ಕೈಗೆ ಸೂಜಿ ಕೊಟ್ಟರು. ಆಮೇಲೆ ಬೇರೇನೂ ಕೊಡಲಿಲ್ಲ. ಆ ಬೀದಿಯ ಗಂಡಸರು ಎದೆ ಮುಚ್ಚಿಕೊಂಡು ಮರ್ಯಾದೆಯಿಂದ ಓಡಾಡಿದ್ದು ಅವಳು ಹೊಲಿದ ತೂತುಗಳ ದಯೆಯಿಂದ. ಒಬ್ಬನೂ ಬಂದು ಹೇಳಲಿಲ್ಲ. ತೂತನ್ನು ಯಾರು ಹೊಗಳುತ್ತಾರೆ?

ಗಂಡ ಕಟಿಂಗ್ ಮಾಸ್ಟರ್. ಬೀದಿಗೆಲ್ಲ ಮಾಸ್ಟ್ರು. ಅಂಗಡಿ ಒಂದೇ ಕೋಣೆ, ರೈಲು ಡಬ್ಬಿಯ ಹಾಗೆ ಉದ್ದ. ಒಳಗಿನ ತುದಿಯಲ್ಲಿ ಬಟ್ಟೆ ಕತ್ತರಿಸುವ ಮೇಜು, ಅದರ ಪಕ್ಕ ದಿನವಿಡೀ ಬಿಸಿಯಿರುವ ಇಸ್ತ್ರಿ ಪೆಟ್ಟಿಗೆ. ಅದು ಮಾಸ್ಟ್ರ ಜಾಗ. ಹೊರಗಿನ ತುದಿಯಲ್ಲಿ ಬಾಗಿಲು, ಬಾಗಿಲ ಪಕ್ಕ ಒಂದು ಸ್ಟೂಲು. ಅದು ಅವಳ ಜಾಗ. ಕಾಜಕ್ಕೆ ಬೆಳಕು ಬೇಕು, ಬೆಳಕು ಸಿಗುವುದು ಬಾಗಿಲಲ್ಲಿ, ಆದ್ದರಿಂದ ಅಲ್ಲಿ ಕೂರು ಎಂದು ಮಾಸ್ಟ್ರ ಲೆಕ್ಕ. ಬೆಳಕಿನ ಹಿಂದೆಯೇ ಗಾಳಿಯೂ ಬರುತ್ತದೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಅವರು ಬನಿಯನ್ನಿನಲ್ಲಿ ನಿಂತು, ಹಣೆಯ ಬೆವರು ಒರೆಸಿಕೊಂಡು, "ಈ ಸಲ ಚಳಿ ಅಷ್ಟೇನಿಲ್ಲ ಅಲ್ವಾ?" ಎನ್ನುತ್ತಿದ್ದರು.

ಗಾಳಿ ಬರುತ್ತಿದ್ದುದು ಅವಳ ಎಡಗಡೆಯಿಂದ. ಮೊದಲು ಭುಜ ಹಿಡಿಯುತ್ತಿತ್ತು, ಆಮೇಲೆ ಕುತ್ತಿಗೆ, ಕೊನೆಗೆ ಎಡಗಿವಿ. ಬಲಗಡೆ ಪೂರ್ತಿ ಆರಾಮ. ಚಳಿಗಾಲ ಎಲ್ಲರ ಮೈಗೂ ಬರುತ್ತದೆ ಎನ್ನುತ್ತಾರೆ. ಅವಳ ಅರ್ಧ ಮೈಗೆ ಮಾತ್ರ ಬರುತ್ತಿತ್ತು. ಅಷ್ಟರಮಟ್ಟಿಗೆ ಪುಣ್ಯವಂತೆ.

ಒಂದು ವರ್ಷ ಮಾಸ್ಟ್ರಿಗೆ ಏನನ್ನಿಸಿತೋ, ಬೂದಿ ಬಣ್ಣದ ಉಣ್ಣೆ ಬಟ್ಟೆ ತಂದರು. ದಪ್ಪನೆಯದು, ಒಳ್ಳೆಯದು. ಬೂದಿ ಬಣ್ಣವೇ ಯಾಕೆ ಎಂದರೆ ಕೊಳೆ ಕಾಣುವುದಿಲ್ಲವಂತೆ. ಹೆಂಡತಿಗೆ ಉಡುಗೊರೆ ಆರಿಸುವಾಗ ಗಂಡಸರು ಎಷ್ಟು ದೂರದವರೆಗೆ ಯೋಚಿಸುತ್ತಾರೆ ನೋಡಿ.

"ನಿನಗೊಂದು ಕೋಟು" ಎಂದರು.

"ಯಾವಾಗ ಹೊಲಿತೀರಿ?"

"ಗಿರಾಕಿಗಳ ಕೆಲಸ ಒಂದು ಮುಗೀಲಿ. ಮುಂದಿನ ಚಳಿಗೆ ಗ್ಯಾರಂಟಿ."

ಬಟ್ಟೆ ಕಪಾಟಿನ ಮೇಲಿನ ಅರೆಗೆ ಹೋಯಿತು. ಮುಂದಿನ ಚಳಿ ಬಂತು, ಅದರ ಮುಂದಿನದೂ ಬಂತು. ಗಿರಾಕಿಗಳೂ ಬಂದರು. ಚಳಿಗಾಲಕ್ಕೆ ಕೇಳಿದರೆ "ಈಗ ಸೀಸನ್ನು, ಕೈ ಬಿಡುವಿಲ್ಲ." ಬೇಸಿಗೆಗೆ ಕೇಳಿದರೆ "ಈ ಸೆಕೆಯಲ್ಲಿ ಯಾರಾದ್ರೂ ಕೋಟು ಹೊಲಿತಾರೇನೇ?" ಮೂಗಿಗೆ ತುಪ್ಪ ಸವರುವುದರಲ್ಲಿ ಮಾಸ್ಟ್ರದು ಎತ್ತಿದ ಕೈ. ಪರಿಮಳ ಚೆನ್ನಾಗಿಯೇ ಬರುತ್ತಿತ್ತು.

"ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ" ಎಂದಳು ಒಂದು ಸಲ.

"ನೀನೆಲ್ಲಿಗೆ ಹೋಗ್ತೀಯ? ಕಾಜ ಬಾಕಿ ಇದೆ" ಎಂದರು.

ಹೋದವರು ಅವರು. ಚಳಿ ಶುರುವಾಗುವ ಮೊದಲೇ, ಒಂದು ಮಧ್ಯಾಹ್ನ, ಮೇಜಿನ ಪಕ್ಕ ಕುಸಿದರು. ಅವಳು ಓಡಿಬಂದು ಮೊದಲು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಆಮೇಲೆ ಕೂಗಿದಳು. ಬಟ್ಟೆ ಸುಡಬಾರದು ಎಂಬುದು ಕೈಗೆ ಮೊದಲು ಹೊಳೆಯಿತು, ಗಂಡ ಆಮೇಲೆ ಹೊಳೆದರು. ಅದಕ್ಕಾಗಿ ಅವಳು ತನ್ನ ಕೈಯನ್ನು ಬಹಳ ದಿನ ಕ್ಷಮಿಸಲಿಲ್ಲ.

ಜನ ಬಂದರು. ಕುರ್ಚಿ ಸಾಲದೆ ಕತ್ತರಿಸುವ ಮೇಜಿನ ಮೇಲೂ ಕೂತರು. ಮಾಸ್ಟ್ರು ಇದ್ದಿದ್ದರೆ ಮೇಜಿನ ಮೇಲೆ ಕೂತವನ ಕಿವಿ ಹಿಂಡುತ್ತಿದ್ದರು. ಬಂದವರೆಲ್ಲ ಅಳುತ್ತಲೇ ಒಂದು ಕಣ್ಣು ಕಪಾಟಿನ ಮೇಲೆ ಹಾಕಿದರು. ಅತ್ತ ಕಣ್ಣಿಗೂ ಒಳ್ಳೆಯ ಉಣ್ಣೆ ಬಟ್ಟೆ ಚೆನ್ನಾಗಿ ಕಾಣುತ್ತದೆ.

ನಾದಿನಿ, ಎಂದರೆ ಮಾಸ್ಟ್ರ ತಂಗಿ, ಎಲ್ಲರಿಗಿಂತ ಜೋರಾಗಿ ಅತ್ತಳು. ಸುಳ್ಳು ಅಳುವಲ್ಲ. ಅಣ್ಣನೆಂದರೆ ಅವಳಿಗೆ ಪ್ರಾಣ. ಅತ್ತು ಮೂಗು ಒರೆಸಿಕೊಂಡ ಮೇಲೆ ಕೇಳಿದಳು.

"ಅತ್ತಿಗೆ, ಆ ಬೂದಿ ಬಣ್ಣದ ಬಟ್ಟೆ ಇದೆಯಲ್ಲ, ಅದ್ರಲ್ಲಿ ಅಣ್ಣ ನಮ್ಮೆಜಮಾನ್ರಿಗೆ ಕೋಟು ಹೊಲ್ಕೊಡ್ತೀನಿ ಅಂದಿದ್ದ."

"ಅದು ನನಗೆ ಅಂತ ತಂದಿದ್ದು."

"ನಿಮಗಾ? ನೀವಿರೋದೇ ಒಂದು ಮುಷ್ಟಿ. ಅಷ್ಟು ಬಟ್ಟೆ ಏನ್ಮಾಡ್ತೀರಾ?"

"ಒಂದು ಮುಷ್ಟಿಗೂ ಚಳಿ ಆಗುತ್ತೆ ಕಣೆ."

"ನೋಡಿ, ಜಗಳ ಬೇಡ. ಈಗಲ್ಲ, ಇನ್ನೊಂದು ಸಲ ಬಂದಾಗ ತಗೊಂಡು ಹೋಗ್ತೀನಿ. ಬೇರೆ ಟೈಲರ್ ಹತ್ರ ಹೊಲಿಸ್ತೀವಿ. ಅಣ್ಣನ ನೆನಪಿಗೆ ಇರುತ್ತೆ."

ನಾದಿನಿಯ ಗಂಡ ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದ. ಕಚೇರಿಯ ಕುರ್ಚಿಯಲ್ಲಿ ನಿಧಾನವಾಗಿ ಬೆಳೆಸಿದ ಹೊಟ್ಟೆ ಅವನದು. ಮಾತು ಕಡಿಮೆ. ಮನೆಯಲ್ಲಿ ಮಾತಿನ ಖಾತೆ ಹೆಂಡತಿಯ ಕೈಯಲ್ಲಿತ್ತು.

ಕಸುಬಿನಲ್ಲಿ ಒಂದು ಮಾತಿದೆ. ಕತ್ತರಿಸದ ಬಟ್ಟೆಗೆ ಊರೆಲ್ಲ ಯಜಮಾನರು, ಕತ್ತರಿಸಿದ ಬಟ್ಟೆಗೆ ಅಳತೆಯವನೊಬ್ಬನೇ. ಕಾಜಕ್ಕನಿಗೆ ಅದು ನೆನಪಾಯಿತು. ನಾದಿನಿ ಮತ್ತೆ ಬರುವುದರೊಳಗೆ ಬಟ್ಟೆಯನ್ನು ತನ್ನ ಅಳತೆಗೆ ಕತ್ತರಿಸಿಬಿಟ್ಟರೆ ಆಯಿತು. ಆಮೇಲೆ ಆ ಹೊಟ್ಟೆಗೆ ಯಾರು ಏನು ಮಾಡಿದರೂ ಆಗುವುದಿಲ್ಲ. ಆದರೆ ಕಾಜದವರು ಕತ್ತರಿ ಮುಟ್ಟುವ ಪದ್ಧತಿ ಆ ಅಂಗಡಿಯಲ್ಲಿ ಇರಲಿಲ್ಲ. ಅವಳು ಕತ್ತರಿಸಿದ್ದು ಬರೀ ದಾರ. ತಪ್ಪಿದರೆ ಬದಲಿಗೆ ಇನ್ನೊಂದು ಬಟ್ಟೆ ಇಲ್ಲ.

ಎದುರು ಬೇಕರಿಯ ಯಜಮಾನಿತಿಗೆ ಕೋಟಿನ ವಿಷಯ ಹೇಳಿದಳು. ಬೇಕರಿಯಮ್ಮನಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯ ಇತ್ತು.

"ಚಳಿಗಾಲದ ಕೋಟು ಅಂದ್ರೆ ಚಳಿಗಾಲ ಅದ್ರಲ್ಲಿ ಕಾಣ್ಬೇಕು ಕಣೆ. ಉದುರಿದ ಎಲೆ ಹಾಕು, ಕಸೂತಿಲಿ. ಬೆನ್ನ ಮೇಲೆ ಒಂದು ಬೋಳು ಮರ. ಕ್ಯಾಲೆಂಡರಲ್ಲಿ ಇರುತ್ತಲ್ಲ, ಹಾಗೆ."

"ಬೋಳು ಮರ ನಾನೇ ಇದ್ದೀನಲ್ಲ."

"ಥೂ, ಬಾಯಿ ನೋಡು! ಹೋಗ್ಲಿ, ಒಳಗಡೆಗೆ ನಿಮ್ಮವರ ಹಳೇ ಅಂಗಿ ಕೊಟ್ಟು ಹೊಲಿ. ಅವ್ರೇ ತಬ್ಬಿಕೊಂಡ ಹಾಗಿರುತ್ತೆ." ಇಷ್ಟು ಹೇಳುವಾಗ ಬೇಕರಿಯಮ್ಮನ ಕಣ್ಣಲ್ಲಿ ನೀರು ಬಂತು.

"ಅವರ ಅಂಗಿಗಳೆಲ್ಲ ಕಂಕುಳಲ್ಲಿ ಹರಿದಿವೆ" ಎಂದಳು ಕಾಜಕ್ಕ.

ಅವಳಿಗೆ ಎಲೆ ಬೇಕಿರಲಿಲ್ಲ. ಚಳಿಗಾಲ ಹೇಗಿರುತ್ತದೆ ಎಂದು ಅವಳಿಗೆ ಕ್ಯಾಲೆಂಡರ್ ಕಲಿಸಬೇಕಿರಲಿಲ್ಲ. ಅದು ಎಡಗಡೆಯಿಂದ ಬರುತ್ತದೆ. ಭುಜದ ಮೂಳೆಯ ಮೇಲೆ ಕೂರುತ್ತದೆ. ಕಾಲರ್ ಮತ್ತು ಕುತ್ತಿಗೆಯ ನಡುವೆ ಸಂದು ಹುಡುಕಿ ಒಳಗೆ ಇಳಿಯುತ್ತದೆ. ಗುಂಡಿ ಸಾಲಿನ ಸಂದಿಯಲ್ಲಿ ನುಗ್ಗುತ್ತದೆ. ಸೂಜಿ ಹಿಡಿದ ಬೆರಳ ತುದಿಯನ್ನು ಮರಗಟ್ಟಿಸುತ್ತದೆ. ಇದಿಷ್ಟಕ್ಕೆ ಒಂದೊಂದು ಉತ್ತರ ಕೊಟ್ಟರೆ ಅದೇ ಚಳಿಗಾಲದ ಕೋಟು. ಎಡ ಭುಜಕ್ಕೆ ಎರಡು ಪದರ. ಎಡಗಡೆ ಕಿವಿಯವರೆಗೆ ಏರುವ ಕಾಲರ್, ಬಲಗಡೆ ಮಾಮೂಲು. ಬೆರಳ ಗಿಣ್ಣಿನವರೆಗೆ ಇಳಿಯುವ ತೋಳು, ಕೆಲಸಕ್ಕೆ ಕೂತಾಗ ಮಡಚಲು ಪಟ್ಟಿ. ನೋಡಿದವರು ನಕ್ಕರೆ ನಗಲಿ. ಅವರೇನು ಬಾಗಿಲಲ್ಲಿ ಕೂತಿದ್ದರೇ?

ಮರುದಿನ ಬೆಳಗ್ಗೆ ಬಟ್ಟೆ ಇಳಿಸಿ ಮೇಜಿನ ಮೇಲೆ ಹರಡಿದಳು. ಒಳಮಡಿಕೆ ಬಿಚ್ಚಿದಾಗ ಸೀಮೆಸುಣ್ಣದ ಗೆರೆಗಳು ಕಂಡವು. ಮಾಸ್ಟ್ರ ಗೆರೆ. ಅವಳಿಗೆ ಹೇಳದೆ, ಯಾವಾಗಲೋ, ಕೊನೆಗೂ ಕೋಟಿಗೆ ಗೆರೆ ಹಾಕಿ ಮಡಚಿಟ್ಟಿದ್ದರು. ಅವಳಿಗೆ ಎದೆ ತುಂಬಿ ಬಂತು. ಇಷ್ಟು ದಿನ ಮನಸ್ಸಿನಲ್ಲೇ ಬೈದದ್ದಕ್ಕೆ ನಾಚಿಕೆಯೂ ಆಯಿತು.

ನಾಚಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ. ಮುಂಭಾಗದ ಗೆರೆ ಕಣ್ಣಿಗೆ ಬಿತ್ತು. ಹೆಂಗಸಿನ ಕೋಟಿಗೆ ಗೆರೆ ಎದೆಯ ಹತ್ತಿರ ಉಬ್ಬಬೇಕು. ಇದು ಅದಕ್ಕಿಂತ ಒಂದು ಗೇಣು ಕೆಳಗೆ ಉಬ್ಬಿತ್ತು. ಚೆನ್ನಾಗಿಯೇ ಉಬ್ಬಿತ್ತು. ಆ ಉಬ್ಬು ಅವಳಿಗೆ ಪರಿಚಯದ್ದು. ಆ ಹೊಟ್ಟೆಯ ಎಷ್ಟೋ ಅಂಗಿಗಳಿಗೆ ಅವಳೇ ಕಾಜ ಹಾಕಿದ್ದಳು, ಎಳೆತಕ್ಕೆ ಹರಿಯದಿರಲಿ ಎಂದು ಎರಡೆಳೆ ದಾರದಲ್ಲಿ.

ನಾದಿನಿ ಹೇಳಿದ್ದು ನಿಜವಾಗಿತ್ತು.

"ಭೇಷ್" ಎಂದಳು ಕಾಜಕ್ಕ, ಖಾಲಿ ಅಂಗಡಿಗೆ. "ಒಂದೇ ಬೆರಳಲ್ಲಿ ಇಬ್ಬರ ಮೂಗಿಗೂ ಸವರಿದ್ರಲ್ಲ. ಹೋಗೋವಾಗಲಾದ್ರೂ ಬೆರಳು ತೊಳ್ಕೊಂಡ್ರಾ?"

ಗೋಡೆಯ ಫೋಟೋದಲ್ಲಿ ಮಾಸ್ಟ್ರು ಫೋಟೋದವನು ಹೇಳಿದಷ್ಟೇ ನಗುತ್ತಿದ್ದರು.

ಬ್ರಷ್ಷು ಕೈಗೆತ್ತಿಕೊಂಡಳು. ಸೀಮೆಸುಣ್ಣದ ಗೆರೆಗೆ ಎರಡು ಸಲ ಬ್ರಷ್ಷು ಎಳೆದರೆ ಹೋಗುತ್ತದೆ. ಎಳೆಯಲಿಲ್ಲ. ಮಾಸ್ಟ್ರು ಗೆರೆಯನ್ನು ಒಂದೇ ಉಸಿರಿಗೆ ಎಳೆಯುತ್ತಿದ್ದರು. ತುದಿಗೆ ಬಂದಾಗ ಬೆರಳು ಚಿಮ್ಮಿ ಸಣ್ಣ ಕೊಕ್ಕೆ ಬೀಳುತ್ತಿತ್ತು. ಇಲ್ಲಿಯೂ ಎಲ್ಲ ಗೆರೆಯ ತುದಿಯಲ್ಲೂ ಆ ಕೊಕ್ಕೆ ಇತ್ತು. ಫೋಟೋದಲ್ಲಿ ಇರುವವರು ಯಾರೋ ತಲೆ ಬಾಚಿಕೊಂಡ ಮನುಷ್ಯ. ಗಂಡ ಇದ್ದುದು ಆ ಕೊಕ್ಕೆಯಲ್ಲಿ. ಇದೇ ಕೊನೆಯದು. ಬೇರೆಲ್ಲ ಗೆರೆಗಳು ಕತ್ತರಿಗೆ ಸಿಕ್ಕಿ, ಹೊಲಿಗೆಯಾಗಿ, ಯಾರದೋ ಬೆನ್ನ ಮೇಲೆ ಹೊರಟುಹೋಗಿದ್ದವು.

ಗೆರೆ ಉಳಿಯಬೇಕಾದರೆ ಕೋಟಿಲ್ಲ. ಕೋಟು ಬೇಕಾದರೆ ಗೆರೆ ಇಲ್ಲ. ಎರಡರ ನಡುವೆ ದಾರಿ ಇದೆಯೇ ಎಂದು ನೋಡಿದಳು. ಇತ್ತು: ಬಟ್ಟೆಯನ್ನು ನಾದಿನಿಗೆ ಕೊಟ್ಟು, ಆ ಹೊಟ್ಟೆಯ ಮೇಲೆ ಗಂಡನ ನೆನಪು ನೋಡಿಕೊಂಡಿರುವುದು. ಬಟ್ಟೆಯನ್ನು ಗೆರೆ ಅಳಿಸದ ಹಾಗೆ ಹುಷಾರಾಗಿ ಮಡಚಿ ಮತ್ತೆ ಮೇಲಿಟ್ಟಳು.

ಚಳಿ ಕಾಯಲಿಲ್ಲ. ಅದಕ್ಕೆ ಯಾರ ಮನೆಯ ಸಾವೂ ಗೊತ್ತಾಗುವುದಿಲ್ಲ. ಒಳಗೆ ಮೇಜಿನ ಹತ್ತಿರದ ಬೆಚ್ಚನೆ ಜಾಗ ಖಾಲಿ ಬಿದ್ದಿತ್ತು. ಅವಳು ಬಾಗಿಲ ಸ್ಟೂಲಿನ ಮೇಲೆಯೇ ಕೂತು, ಬಾಕಿ ಉಳಿದ ಅಂಗಿಗಳಿಗೆ ಕಾಜ ಹಾಕಿದಳು. ಒಳಗೆ ಹೋಗಿ ಕೂರು ಎಂದು ಹೇಳುವವರಿಲ್ಲ. ಕೂರಬೇಡ ಎನ್ನುವವರೂ ಇಲ್ಲ. ಆದರೂ ಹೋಗಲಿಲ್ಲ. ಒಂದು ಬೆಳಗ್ಗೆ ಕುತ್ತಿಗೆ ಹಿಡಿಯಿತು. ಬೇಕರಿಯಮ್ಮ ಕರೆದಾಗ ತಲೆ ತಿರುಗಿಸಲಾಗದೆ, ಕಪಾಟು ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸಬೇಕಾಯಿತು.

"ಏನಾಯ್ತೇ?"

"ಗಂಡನ ನೆನಪು. ಕುತ್ತಿಗೆಗೆ ಬಂದಿದೆ."

ಆ ದಿನ ಬಟ್ಟೆ ಇಳಿಸಿದಳು. ಹರಡಿದಳು. ಯೋಚಿಸಲು ಹೋಗಲಿಲ್ಲ. ಬ್ರಷ್ಷು ಎಳೆದಳು. ಮೊದಲು ಹೊಟ್ಟೆ ಹೋಯಿತು, ಆಮೇಲೆ ಭುಜ, ಆಮೇಲೆ ಕೊಕ್ಕೆಗಳು. ಸುಣ್ಣದ ಪುಡಿ ಎದ್ದು ಮೂಗಿಗೆ ಬಡಿಯಿತು. ಜೋರಾಗಿ ಸೀನು ಬಂತು. ಇಷ್ಟು ವರ್ಷ ಆ ಬಟ್ಟೆಯಿಂದ ಅವಳಿಗೆ ದಕ್ಕಿದ್ದು ಅದೊಂದೇ. ಸೀನಿದ ಮೇಲೆ ಕಣ್ಣೀರು ನಿಲ್ಲಲಿಲ್ಲ. ಸೀನಿಗೆ ಅಷ್ಟು ನೀರು ಬರುವುದಿಲ್ಲ. ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಲೆಕ್ಕಕ್ಕಿಲ್ಲ.

ತನ್ನ ಹಳೆಯ ರವಿಕೆಯೊಂದನ್ನು ಅಳತೆಗೆ ಇಟ್ಟುಕೊಂಡು ತನ್ನ ಗೆರೆ ಹಾಕಿದಳು. ಅವಳ ಗೆರೆ ಒಂದೇ ಉಸಿರಿನದಲ್ಲ. ತಡೆದು ತಡೆದು, ಇರುವೆ ಹೋದ ಹಾಗೆ. ಎಡ ಭುಜಕ್ಕೆ ಅರ್ಧ ಬೆರಳು ಹೆಚ್ಚು ಬಿಟ್ಟಳು. ಕತ್ತರಿ ಹಾಕಿದಾಗ ದಪ್ಪ ಉಣ್ಣೆ ಕರಕರ ಎಂದಿತು. ಬೆನ್ನ ಭಾಗ ಸರಿ ಬಂತು. ಬಲ ತೋಳು ಸರಿ ಬಂತು. ಎಡ ತೋಳು ಸ್ವಲ್ಪ ಗಿಡ್ಡವಾಯಿತು. ಅಲ್ಲಿ ಪಟ್ಟಿ ಅಗಲ ಮಾಡಿದರೆ ಆಯಿತು ಎಂದುಕೊಂಡಳು. ತಪ್ಪು ಮಾಡಿ ಅದಕ್ಕೊಂದು ಡಿಸೈನಿನ ಹೆಸರಿಡುವುದನ್ನು ಮಾಸ್ಟ್ರಿಂದಲೇ ಕಲಿತಿದ್ದಳು.

ಹೊಲಿದದ್ದು ಪೂರ್ತಿ ಕೈಯಲ್ಲಿ. ಮೆಷಿನ್ ಮಾಸ್ಟ್ರ ಕಾಲಿನ ಮಾತು ಮಾತ್ರ ಕೇಳುತ್ತಿತ್ತು. ಅವಳು ತುಳಿದರೆ ಹಿಂದಕ್ಕೆ ಓಡಿ ದಾರ ನುಂಗುತ್ತಿತ್ತು. ಸೂಜಿ ಹಾಗಲ್ಲ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಮತ್ತೆ ಒಂದು ಹೆಜ್ಜೆ ಮುಂದೆ. ಆ ಹೊಲಿಗೆ ಬಿಚ್ಚುವುದಿಲ್ಲ. ಗುಂಡಿ ಸಾಲಿಗೆ ಬಂದಾಗ ಎಡಗಡೆಯ ಅಂಚು ಮೇಲೆ ಬರುವಂತೆ ಕಾಜ ಹಾಕಿದಳು.

"ಅಯ್ಯೋ, ಎಡ ಮೇಲೆ ಬಂದ್ರೆ ಗಂಡಸರ ಕೋಟು ಆಯ್ತಲ್ಲೇ!" ಎಂದಳು ಬೇಕರಿಯಮ್ಮ.

"ಗಾಳಿ ಎಡಗಡೆಯಿಂದ ಬರುತ್ತೆ. ಎಡದ ಅಂಚು ಕೆಳಗಿದ್ರೆ ಸೀದಾ ಒಳಗೆ."

"ಜನ ಏನಂತಾರೆ?"

"ಜನಕ್ಕೆ ಕುತ್ತಿಗೆ ಹಿಡಿದಿಲ್ಲ."

ಕೋಟು ಮುಗಿದು, ಅವಳು ಅದನ್ನು ತೊಟ್ಟು ಸ್ಟೂಲಿನ ಮೇಲೆ ಕೂತಿದ್ದಾಗಲೇ ನಾದಿನಿ ಬಂದಳು. ಕೈಯಲ್ಲಿ ದೊಡ್ಡ ಚೀಲ, ಬಟ್ಟೆ ಒಯ್ಯಲು. ಬಾಗಿಲಲ್ಲೇ ನಿಂತುಬಿಟ್ಟಳು.

"ಅತ್ತಿಗೆ, ಇದು..."

"ಹೂಂ. ಅದೇ."

"ಕತ್ತರಿಸಿಬಿಟ್ರಾ? ನಾನು ಅಷ್ಟು ಹೇಳಿದ್ದೆ! ಅಣ್ಣ ಮಾತು ಕೊಟ್ಟಿದ್ದ ಅಂದ್ರೆ ನಿಮಗೆ ನಂಬಿಕೆ ಇಲ್ಲ. ನಾನು ಸುಳ್ಳಿ, ಅಲ್ವಾ?"

ಕಾಜಕ್ಕ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಗೆರೆಗೆ ಸಾಕ್ಷಿ ಬ್ರಷ್ಷು ಒಂದೇ, ಅದು ಬಾಯಿ ಬಿಡುವುದಿಲ್ಲ.

"ನೀನು ಸುಳ್ಳಿ ಅಲ್ಲ. ನಿನ್ನ ಗಂಡನ ಅಳತೆಗೆ ಗೆರೆ ಹಾಕಿಟ್ಟಿದ್ರು. ನಾನು ಒರೆಸಿದೆ."

ನಾದಿನಿಯ ಚೀಲ ಕೆಳಗೆ ಬಿತ್ತು. "ಅಣ್ಣ ಗೆರೆ ಹಾಕಿದ್ನಾ?"

"ಹಾಕಿದ್ರು. ಹೊಟ್ಟೆ ಸಮೇತ."

"ಅದನ್ನ ಒರೆಸೋಕೆ ನಿಮಗೆ ಹೇಗೆ ಮನಸ್ಸು ಬಂತು ಅತ್ತಿಗೆ? ಅಣ್ಣನ ಕೈ ಅದು."

"ಮನಸ್ಸು ಬರಲಿಲ್ಲ" ಎಂದಳು ಕಾಜಕ್ಕ. "ಕೈ ಬಂತು."

ನಾದಿನಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಕಾಜಕ್ಕ ಸ್ಟೂಲಿನಿಂದ ಇಳಿದು ಪಕ್ಕದಲ್ಲಿ ಕೂತಳು. ಬಾಗಿಲಿನ ಗಾಳಿ ಇಬ್ಬರ ಮೇಲೂ ಬೀಸಿತು. ನಾದಿನಿ ನಡುಗಿದಳು, ಕಾಜಕ್ಕ ನಡುಗಲಿಲ್ಲ.

"ಥೂ, ಏನು ಗಾಳಿ ಇಲ್ಲಿ! ನೀವು ದಿನಾ ಇಲ್ಲೇ ಕೂರ್ತಿದ್ರಾ?"

"ಮತ್ತೆ? ಬೆಳಕು ಬೇಕಲ್ಲ."

"ಅಣ್ಣ ಒಂದು ಪರದೆ ಕಟ್ಟಿಸ್ಬಾರದಿತ್ತಾ?"

"ಕಟ್ಟಿಸ್ತೀನಿ ಅಂದಿದ್ರು."

ನಾದಿನಿ ಮೂಗು ಒರೆಸಿಕೊಂಡು ಕೋಟನ್ನು ಮುಟ್ಟಿ ನೋಡಿದಳು. ಭುಜ ಹಿಸುಕಿದಳು. ಕಾಲರ್ ಎಳೆದಳು. "ಒಂದು ಕಡೆ ದಪ್ಪ, ಒಂದು ಕಡೆ ತೆಳು. ಒಂದು ಕಿವಿಗೆ ಮನೆ, ಒಂದು ಕಿವಿಗೆ ಬೀದಿ. ಇದ್ಯಾವ ಫ್ಯಾಶನ್ನು ಅತ್ತಿಗೆ?"

"ಬಾಗಿಲ ಫ್ಯಾಶನ್ನು."

"ಎಡ ತೋಳು ಗಿಡ್ಡ ಆಗಿದೆ."

"ಗೊತ್ತು."

"ಅಣ್ಣ ಆಗಿದ್ರೆ ಹೀಗೆ ಮಾಡ್ತಿರಲಿಲ್ಲ."

"ಹೌದು. ಅವರಾಗಿದ್ರೆ ಮಾಡ್ತಾನೇ ಇರಲಿಲ್ಲ."

ನಾದಿನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಸತ್ತ ಅಣ್ಣನ ಮೇಲೆ ನಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ಅವಳ ಕಣ್ಣು ಮೇಜಿನ ಕಡೆ ಹೋಯಿತು. ಮಾಸ್ಟ್ರ ತಂಗಿಯ ರಕ್ತ, ಸುಮ್ಮನಿರುವುದಿಲ್ಲ.

"ಮಿಕ್ಕಿದ್ದು ಇದೆಯಾ?"

"ಇದೆ. ನಾನು ಒಂದು ಮುಷ್ಟಿ ತಾನೇ?"

"ನಮ್ಮೆಜಮಾನ್ರಿಗೆ ತೋಳಿಲ್ಲದ ಕೋಟಾದ್ರೂ ಆಗುತ್ತಾ?"

ಕಾಜಕ್ಕ ಎದ್ದು ಉಳಿದ ಬಟ್ಟೆ ಬಿಚ್ಚಿ ಗೇಣು ಹಾಕಿದಳು. "ಮುಂಭಾಗಕ್ಕೆ ಇದು ಸಾಕು. ಬೆನ್ನಿಗೆ ಲೈನಿಂಗ್ ಬಟ್ಟೆ ಕೊಡ್ಬೇಕು."

"ಕೊಡಿ. ಅವ್ರ ಬೆನ್ನು ಯಾರು ನೋಡ್ತಾರೆ?"

"ಬೇರೆ ಟೈಲರ್ ಹತ್ರ ಹೊಲಿಸ್ತೀರಾ?"

ನಾದಿನಿ ಕೋಟಿನ ಅಂಚನ್ನು ತಿರುಗಿಸಿ ಹೊಲಿಗೆ ನೋಡಿದಳು. ಉಗುರಿನಿಂದ ಕೆರೆದೂ ನೋಡಿದಳು. "ನೀವೇ ಹೊಲೀರಿ. ಆದ್ರೆ ಅಳತೆ ಯಾರು ತಗೋತಾರೆ? ಅವ್ರು ನಾಚ್ಕೋತಾರೆ."

"ಕಳಿಸು. ನಾಚಿಕೆಗೂ ಅಂತ ಅರ್ಧ ಇಂಚು ಬಿಡ್ತೀನಿ."

ಬುಧವಾರ ನಾದಿನಿಯ ಗಂಡ ಬಂದ. ಕಚೇರಿಯಿಂದ ನೇರ ಬಂದಿದ್ದ, ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೇ ಬಹಳ ಹೊತ್ತು ತೆಗೆದುಕೊಂಡ. ಕಾಜಕ್ಕ ಅವನನ್ನು ಒಳಗೆ ಮೇಜಿನ ಹತ್ತಿರ ನಿಲ್ಲಿಸಿದಳು. ಇಸ್ತ್ರಿ ಪೆಟ್ಟಿಗೆ ಬಿಸಿಯಿತ್ತು. ಅವಳು ಕೋಟು ಬಿಚ್ಚಿಟ್ಟು ಟೇಪು ತೆಗೆದುಕೊಂಡಳು. ಆ ಜಾಗದಲ್ಲಿ ನಿಂತು ಅವಳು ಯಾರ ಅಳತೆಯನ್ನೂ ತೆಗೆದಿರಲಿಲ್ಲ. ಟೇಪಿನ ಸೊನ್ನೆಯ ತುದಿ ಯಾವುದೆಂದು ಒಮ್ಮೆ ನೋಡಿಕೊಂಡಳು.

ಎದೆ ಅಳೆದಳು. ಭುಜ ಅಳೆದಳು. ಟೇಪು ಹೊಟ್ಟೆಯ ಕಡೆ ಬಂದಾಗ ಅವನು ಎಲ್ಲ ಗಂಡಸರೂ ಮಾಡುವುದನ್ನೇ ಮಾಡಿದ. ಉಸಿರು ಎಳೆದು, ಹೊಟ್ಟೆ ಒಳಗೆ ಹಾಕಿಕೊಂಡು, ಗೋಡೆ ನೋಡುತ್ತ ಕಂಬದ ಹಾಗೆ ನಿಂತ. ಹೀಗೆ ನಿಂತವರ ಅಳತೆ ಹಿಡಿದು ಹೊಲಿದರೆ ಕೋಟು ಅವರಿಗೆ ಒಂದು ನಿಮಿಷ ಮಾತ್ರ ಆಗುತ್ತದೆ.

"ಉಸಿರು ಬಿಡಿ" ಎಂದಳು ಕಾಜಕ್ಕ.

"ಬಿಟ್ಟಿದ್ದೀನಿ" ಎಂದ ಅವನು, ಬಿಡದೆ.

ಅವಳು ಜಗಳ ಮಾಡಲಿಲ್ಲ. ಟೇಪನ್ನು ಅವನ ಸುತ್ತ ಸಡಿಲವಾಗಿ ಹಿಡಿದು ನಿಂತಳು. ಅವನ ಮುಖ ಕೆಂಪಾಯಿತು. ಕಿವಿ ಕೆಂಪಾಯಿತು. ಅವಳಿಗೆ ಅವಸರ ಇರಲಿಲ್ಲ. ಮನುಷ್ಯ ಎಷ್ಟು ಹೊತ್ತು ಉಸಿರು ಹಿಡಿದಾನು ಎಂದು ಕಾಯ್ದಳು.